ಓಗೊಡುವ ಪೆಟ್ಟಿಗೆಯ ಮುಂದೆ ಒದರುವ ಡಾಕಪ್ಪ

ಹಳಿಯಾಳ ಸೀಮೆಯಲ್ಲಿ ಕಾಡು ಗದ್ದೆಯ ಬೇಲಿಗೇ ಬಂದು ನಿಂತಿರುವ ಒಂದು ಕಡೆ, ಬೆಳಗಿನ ಜಾವ, ಮಾಳದ ಮೇಲೆ ಒಬ್ಬರು ಕಿವಿಗೊಟ್ಟು ಕೂತಿದ್ದಾರೆ. ನಾಲ್ಕು ಕಂಬದ ಮೇಲೆ ಹಲಗೆ ಹಾಸಿ ಹುಲ್ಲು ಹೊದಿಸಿದ ಕಾವಲು ಮಾಳ ಅದು. ಭತ್ತ ಹಳದಿಗೆ ತಿರುಗಿದೆ. ಮಂಜು ಇನ್ನೂ ತೆನೆ ಬಿಟ್ಟು ಎದ್ದಿಲ್ಲ. ಗದ್ದೆಯ ಆಚೆ ತುದಿಯ ಲೌಡ್‌ಸ್ಪೀಕರು ಒಮ್ಮೆ ಕರ್ರ್ ಎಂದು, ಅದರೊಳಗಿಂದ ಗಂಡಸಿನ ದೊಡ್ಡ ಕೂಗು ಬರುತ್ತದೆ: "ಬಾಲುಕಾಕಾ... ಎಚ್ಚರ ಅದೀಯೇನು?"

ಆ ಧ್ವನಿ ಮಾಳದ ಮೇಲೆ ಕೂತವರದೇ. ತಮ್ಮ ಕೂಗು ತಮ್ಮ ಕಿವಿಗೆ ಬಿದ್ದ ಕೂಡಲೇ ಅವರು ಎದ್ದು ನಿಲ್ಲುತ್ತಾರೆ. ಅವರ ತಲೆಯ ಮೇಲೆ, ಮಾಳದ ಕಂಬಕ್ಕೆ ಇನ್ನೊಂದು ಲೌಡ್‌ಸ್ಪೀಕರು ಕಟ್ಟಿದೆ. ಅದು ಉತ್ತರ ಕೊಡಲು ಬಾಯಿ ತೆರೆದದ್ದೇ ತಡ, ಇವರು ಎಣ್ಣೆ ಡಬ್ಬಿಗೆ ಕೋಲು ಬಡಿಯುತ್ತ, ಕತ್ತಿನ ನರ ಉಬ್ಬಿಸಿ, "ಹೋಯ್ ಹೋಯ್ ಹೋ..." ಎಂದು ಒದರತೊಡಗುತ್ತಾರೆ. ಲೌಡ್‌ಸ್ಪೀಕರಿನ ಉತ್ತರ ಮುಗಿಯುವವರೆಗೂ ಒದರುತ್ತಾರೆ. ಅದು ಬಾಯಿ ಮುಚ್ಚಿದ ಮೇಲೆ ತಾವೂ ಕೂತು, ಬೀಡಿ ಹಚ್ಚಿ, ಮತ್ತೆ ಕಾಯುತ್ತಾರೆ. ಬೇಲಿಯಾಚೆ ತರಗೆಲೆ ಸರಿದ ಸದ್ದು. ಹಂದಿಗಳು ವಾಪಸು ಹೊರಟಿವೆ.

ಇವರು ಡಾಕಪ್ಪ. ಕಾಡಂಚಿನ ತಾಂಡಾದವರು, ವಯಸ್ಸು ಐವತ್ತರ ಆಚೀಚೆ. ಹಗಲು ನೀಲಗಿರಿ ದಿಮ್ಮಿ ಲಾರಿಗೆ ಹೇರುವ ಕೆಲಸ, ಅದಿಲ್ಲದಾಗ ಕಬ್ಬು ಕಡಿಯುವ ಕೆಲಸ. ಬೆಳಗಿನ ಜಾವದ ಈ ಒದರಾಟಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕೊಡಿ ಎಂದು ಇವರು ಕೇಳಿಯೂ ಇಲ್ಲ. ದಾರಿಹೋಕರು ನಗುತ್ತಾರೆ. ಗದ್ದೆಯ ಒಡತಿ ಗುರುಬಸವ್ವ ಮಾತ್ರ ನಗುವುದಿಲ್ಲ, ಮರುಕಪಡುತ್ತಾರೆ. "ಭಾಳ ಶಾಣ್ಯಾ ಮನಶಾ ಇದ್ದ ರೀ. ಪೆಟ್ಟಿಗಿ ತಾನ ಒದರತೈತಿ ಮಾರಾಯಾ, ನೀ ಯಾಕ ಗಂಟಲ ಹರಕೋತಿ ಅಂದೆ. ಇರ್ಲಿ ಬಿಡ್ರಿ ಅಕ್ಕಾರ ಅಂದ. ನಾ ಚಹಾ ಕೊಟ್ಟು ಸುಮ್ಮನಾದೆ" ಎನ್ನುತ್ತಾರೆ.

ಪೆಟ್ಟಿಗೆ ಕೂಗುವಾಗ ಇವರೇಕೆ ಕೂಗಬೇಕು? ಅದು ತಿಳಿಯಬೇಕಾದರೆ ಒಂಬತ್ತು ಹತ್ತು ವರ್ಷ ಹಿಂದಕ್ಕೆ, ಈ ಗದ್ದೆಗಳಲ್ಲಿ ಪೆಟ್ಟಿಗೆ ಇಲ್ಲದೆ ಬರೀ ಮನುಷ್ಯರಿದ್ದ ಕಾಲಕ್ಕೆ ಹೋಗಬೇಕು.

ಆಗ ಹೊಲ ಕಾಯುವುದು ಡಾಕಪ್ಪನವರ ತಾಂಡಾದ ಕಸುಬು. ಭತ್ತ, ಗೋವಿನಜೋಳ ತೆನೆಗಟ್ಟಿತೆಂದರೆ ಮನೆಗೊಬ್ಬರಂತೆ ಕಂಬಳಿ ಹೊತ್ತು ಮಾಳ ಹತ್ತುತ್ತಿದ್ದರು. ಸುಗ್ಗಿಯಲ್ಲಿ ಒಡೆಯರು ಕಾಳು ಅಳೆದು ಕೊಡುತ್ತಿದ್ದರು, ಮಳೆಗಾಲದವರೆಗೆ ಒಲೆ ಉರಿಯುತ್ತಿತ್ತು. ಈ ಕಸುಬಿಗೆ ಒಂದು ರೂಢಿಯಿತ್ತು. ಒಂದು ಮಾಳದವನು ಆಗಾಗ ಪಕ್ಕದ ಮಾಳದವನ ಹೆಸರು ಹಿಡಿದು ಕೂಗಬೇಕು, ಅವನು ಓಗೊಡಬೇಕು, ಆಮೇಲೆ ಅವನು ಮುಂದಿನವನನ್ನು ಕೂಗಬೇಕು. ನಿದ್ದೆ ಹತ್ತದಿರಲಿ, ಆನೆಗೀನೆ ಬಂದರೆ ಒಬ್ಬರಿಗೊಬ್ಬರು ಇರಲಿ ಎಂದು. ಮನೆಯಲ್ಲಿ ತಾಂಡಾದ ಮಾತು, ಮಾಳದ ಮೇಲೆ ಮಾತ್ರ ಕನ್ನಡ. ಕಾವಲಿನವರು ಎಚ್ಚರಿದ್ದಾರೆಂದು ಊರೊಳಗೆ ಬೆಚ್ಚಗೆ ಮಲಗಿದ ಒಡೆಯರಿಗೂ ತಿಳಿಯಬೇಕಲ್ಲ!

ಡಾಕಪ್ಪನವರ ಪಕ್ಕದ ಮಾಳ ಬಾಲುಕಾಕಾನದು. ರಕ್ತಸಂಬಂಧದಲ್ಲಿ ಚಿಕ್ಕಪ್ಪನೇನಲ್ಲ, ತಾಂಡಾದ ಹಿರಿಯ. ತಂದೆಯಿಲ್ಲದ ಡಾಕಪ್ಪನನ್ನು ಮೊದಲು ಮಾಳ ಹತ್ತಿಸಿದವರು, ಹೊಟ್ಟೆಯಿಂದ ಕೂಗುವುದನ್ನು ಹೇಳಿಕೊಟ್ಟವರು ಅವರೇ. "ಗಂಟಲಲೆ ಒದರಿದ್ರ ಎರಡ ದಿನಕ್ಕ ಧ್ವನಿ ಬೀಳತೈತಿ. ಹೊಕ್ಕಳದಿಂದ ಒದರು ಅಂತಿದ್ದ ಕಾಕಾ. ನನ್ನ ಬಾಯಾಗ ಏನು ಶಕ್ತಿ ಐತಿ, ಎಲ್ಲಾ ಅಂವ ಕೊಟ್ಟಿದ್ದು" ಎನ್ನುತ್ತಾರೆ ಡಾಕಪ್ಪ.

ಆ ಶಕ್ತಿಯ ಸುದ್ದಿ ದಾಂಡೇಲಿಯ ಅಂಬೇವಾಡಿಗೂ ಮುಟ್ಟಿತು. ಅಲ್ಲಿ ಶಿವಲಿಂಗಪ್ಪ ಎಂಬವರ ಲೌಡ್‌ಸ್ಪೀಕರ್ ಅಂಗಡಿ ಇದೆ. ಅವರ ತಂದೆ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದವರು. ಮಗ ಮಿಲ್ಲಿಗೆ ಹೋಗದೆ, ಮದುವೆ ಗಣೇಶ ಚೌತಿಗೆ ಮೈಕು ಕೊಡುತ್ತ ಬದುಕು ಕಟ್ಟಿಕೊಂಡರು. ಮನುಷ್ಯನ ಕೂಗನ್ನು ಕ್ಯಾಸೆಟ್ಟಿಗೆ ತುಂಬಿ, ಟ್ರ್ಯಾಕ್ಟರ್ ಬ್ಯಾಟರಿಗೆ ಸಿಕ್ಕಿಸಿ, ಗದ್ದೆಯಲ್ಲಿ ಹಚ್ಚಿಟ್ಟರೆ ಹಂದಿ ಓಡುವುದಿಲ್ಲವೇ ಎಂಬ ವಿಚಾರ ಅವರಿಗೆ ಹೊಳೆಯಿತು. ಹಳಿಯಾಳದ ಸಂತೆಯಲ್ಲಿ ಚೆನ್ನಾಗಿ ಕೂಗುವವರು ಯಾರೆಂದು ಕೇಳಿದರು. ಎಲ್ಲರೂ ಡಾಕಪ್ಪನನ್ನು ತೋರಿಸಿದರು. ಮುಂದೆ ಕ್ಯಾಸೆಟ್ ವ್ಯಾಪಾರದಲ್ಲಿ ನಿನ್ನದೂ ಪಾಲು, ಇನ್ನು ಮಾಳ ಹತ್ತುವ ಕಷ್ಟವಿಲ್ಲ ಎಂದು ಶಿವಲಿಂಗಪ್ಪ ಹೇಳಿದ್ದಕ್ಕೆ ಡಾಕಪ್ಪ ಅಂದೇ ಬಸ್ಸು ಹತ್ತಿದರು.

ಮೊದಲ ಪ್ರಯತ್ನ ಅಂಗಡಿಯ ಹಿಂದಿನ ಖೋಲಿಯಲ್ಲಿ. "ಚಹಾ ಕುಡಿಸಿ, ಬಾಗಲಾ ಹಾಕಿ, ಫ್ಯಾನ್ ಬಂದ್ ಮಾಡಿ, ಮೈಕ್ ಬಾಯಿಗೇ ಹಿಡಿದು, ಹೂಂ ಒದರು ಅಂದ್ರು. ಒದರಿದೆ. ಕಪಾಟದ ಕಾಜಿನ ಬಾಗಲಾ ಗಡಗಡ ಅಂತು. ಹಚ್ಚಿ ಕೇಳಿದ್ರ ನನ್ನ ಧ್ವನಿನ ಇಲ್ಲ. ಚಾದರ ಹರದಂಗ ಪರ್ ಪರ್ ಅಂತೈತಿ" ಎಂದು ಡಾಕಪ್ಪ ಈಗಲೂ ನಗುತ್ತಾರೆ. ದೊಡ್ಡ ಕೂಗಿಗೆ ಮೈಕನ್ನು ದೂರ ಇಡಬೇಕು, ಮುಖವನ್ನು ಕೊಂಚ ಓರೆ ಮಾಡಬೇಕು. ಮೊದಲ ಪಾಠ ಅದು.

ದೂರ ಇಟ್ಟರು. ಆಗ ಕೂಗಿನ ಹಿಂದೆ ಗುಂಯ್ ಎನ್ನುವ ಇನ್ನೊಂದು ಸದ್ದು ಬಂತು. ಮಷೀನು ಕೆಟ್ಟಿದೆ ಎಂದು ಶಿವಲಿಂಗಪ್ಪ ಬಿಚ್ಚಿ ಬಿಚ್ಚಿ ಜೋಡಿಸಿದರು. ಕೆಟ್ಟಿರಲಿಲ್ಲ, ಅದು ಮಿಲ್ಲಿನ ಸದ್ದು. ದಾಂಡೇಲಿಯ ಮಂದಿಗೆ ಹುಟ್ಟಿದಾಗಿನಿಂದ ಕಿವಿಯಲ್ಲಿರುವ ಸದ್ದು, ಹಾಗಾಗಿ ಅವರಿಗೆ ಅದು ಕೇಳಿಸುವುದೇ ಇಲ್ಲ. "ಕಿವಿ ತನಗ ಬೇಕಾದ್ದ ಅಷ್ಟ ಕೇಳತೈತ್ರಿ. ಟೇಪಿಗೆ ಆ ಮರ್ಯಾದಿ ಇಲ್ಲ, ಎಲ್ಲಾನೂ ಕೇಳತೈತಿ" ಎಂಬುದು ಡಾಕಪ್ಪನವರ ಮಾತು.

ಮಿಲ್ಲಿನ ಸದ್ದು ತಪ್ಪಿಸಲು ಇಬ್ಬರೂ ಜೋಯಿಡಾ ದಾಟಿ ಕುಂಬಾರವಾಡಕ್ಕೆ ಹೋದರು. ಮನಸ್ಸು ಬಂದಾಗ ಬರುವ ಬಸ್ಸು, ಸುತ್ತ ಕಾಡು, ಕೇಳುವವರಿಲ್ಲದ ಮೌನ. ಹೊಟ್ಟೆಯಿಂದ ಕೂಗಿ ಕೂಗಿ ಒಂದು ಕ್ಯಾಸೆಟ್ ತುಂಬಿಸಿಕೊಂಡು ಬಂದರು. ಬಂದವರೇ ಹತ್ತಾರು ರೈತರನ್ನು ಕರೆಸಿ, ಬ್ಯಾಟರಿಗೆ ಸಿಕ್ಕಿಸಿ, ದೊಡ್ಡ ಸಂಭ್ರಮದಿಂದ ಗದ್ದೆಯಲ್ಲಿ ಹಚ್ಚಿದರು. ಲೌಡ್‌ಸ್ಪೀಕರಿನ ಹಾರ್ನಿನಿಂದ ಹೊರಬಿದ್ದದ್ದು ತೊಟ್ಟಿಲ ಕೂಸಿನ ಕಿರುಚಾಟ! ಕುಂಬಾರವಾಡದಲ್ಲಿ ರೆಕಾರ್ಡರಿನ ಸೆಲ್ಲು ಇಳಿದಿತ್ತು. ಟೇಪು ನಿಧಾನ ಓಡುತ್ತ ತುಂಬಿಕೊಂಡಿತ್ತು, ತುಂಬಿದ ಬ್ಯಾಟರಿಯಲ್ಲಿ ದಡದಡ ಓಡಿತು. ರೈತರು ಬಿದ್ದು ಬಿದ್ದು ನಕ್ಕರು. "ಹಂದಿ ತಲಿ ಎತ್ತಿ ನೋಡಿ, ಮತ್ತ ತಿನ್ನಾಕ ಹತ್ತಿತ್ರಿ" ಎನ್ನುತ್ತಾರೆ ಡಾಕಪ್ಪ. ಶಿವಲಿಂಗಪ್ಪನವರಿಗೆ ಸಾಕಾಗಿ ಹೋಯಿತು. ರೆಕಾರ್ಡರನ್ನು ಇವರ ಕೈಗೆ ಕೊಟ್ಟು, "ನೀನ ತೊಗೊಂಡು ಹೋಗು, ಆದ್ರ ಮಾಡು, ಇಲ್ಲಂದ್ರ ಬಿಡು" ಎಂದರು.

ತಾಂಡಾಕ್ಕೆ ಬಂದ ಆ ಯಂತ್ರದ ಜೊತೆ ಡಾಕಪ್ಪ ಒಂದು ಮಳೆಗಾಲ ಪೂರ್ತಿ ಗುದ್ದಾಡಿದರು. ಅವರ ಹೆಂಡತಿ ಗಂಗಿಬಾಯಿ ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಿಡಿಮಿಡಿ. "ಕೋಳಿ ಬುಟ್ಟ್ಯಾಗ ಮುಚ್ಚು, ಭಾಂಡಿ ತಿಕ್ಕಬ್ಯಾಡ, ಉಸರ ಆಡಬ್ಯಾಡ! ಮನಿ ಅಲ್ಲ ಅದು, ಸತ್ತವರ ಮನಿ ಆಗಿತ್ತು" ಎನ್ನುತ್ತಾರೆ. ನೆಲದ ಮೇಲಿಟ್ಟರೆ ಯಂತ್ರ ತನ್ನ ಮೋಟಾರಿನ ಗುರುಗುರನ್ನೇ ತುಂಬಿಕೊಳ್ಳುತ್ತಿತ್ತು, ಕಂಬಳಿ ಮಡಚಿ ಅದರ ಮೇಲಿಟ್ಟರು. ಗಾಳಿ ಬೀಸಿದರೆ ಮೈಕಿನಲ್ಲಿ ಗುಡುಗು ಬರುತ್ತಿತ್ತು, ಹಳೇ ಕಾಲುಚೀಲ ಹಾಕಿದರು. ಕ್ಯಾಸೆಟ್ಟಿನ ಶುರುವಿನ ಒಂದು ಗೇಣು ಪಟ್ಟಿ ಕಿವುಡು, ಅಲ್ಲಿ ಏನು ಕೂಗಿದರೂ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ದೊಡ್ಡ ಕೂಗು ಬಿದ್ದ ಮೇಲೆ ಯಂತ್ರ ಒಂದು ಕ್ಷಣ ಬೆಚ್ಚಿ ಧ್ವನಿ ತಗ್ಗಿಸುತ್ತದೆ, ಅದು ಸುಧಾರಿಸಿಕೊಳ್ಳುವ ತನಕ ಮುಂದಿನ ಕೂಗು ಹಾಕಬಾರದು ಎಂದೂ ಗೊತ್ತಾಯಿತು. ಇವನ್ನೆಲ್ಲ ಹೇಳಿಕೊಡುವವರು ಯಾರೂ ಇರಲಿಲ್ಲ. ಕೆಡಿಸಿದ ಕ್ಯಾಸೆಟ್ಟುಗಳೇ ಗುರು.

ಅಂತೂ ಆ ಸುಗ್ಗಿಗೆ ಒಂದು ಒಳ್ಳೆಯ ಕ್ಯಾಸೆಟ್ ತಯಾರಾಯಿತು. ನಾಲ್ಕು ದಿನ ಹಂದಿ ಹತ್ತಿರ ಸುಳಿಯಲಿಲ್ಲ, ಐದನೆಯ ದಿನ ಬಂದು ಹಾರ್ನಿನ ಬುಡದಲ್ಲೇ ಮೇಯ್ದವು. ಡಾಕಪ್ಪ ತಲೆ ಕೆಡಿಸಿಕೊಂಡು ಕ್ಯಾಸೆಟ್ಟನ್ನು ಮತ್ತೆ ಮತ್ತೆ ಕೇಳಿದರು. ಕೂಗು ಸರಿಯಾಗಿದೆ, ಧ್ವನಿ ತಮ್ಮದೇ. ಆದರೆ ಕೂಗು ಮತ್ತು ಕೂಗಿನ ನಡುವೆ ಮನುಷ್ಯನೇ ಇಲ್ಲ. ನಿಜವಾದ ಕಾವಲಿನವನು ಕೆಮ್ಮುತ್ತಾನೆ, ಬೀಡಿ ಹಚ್ಚುತ್ತಾನೆ, ನಾಯಿಯನ್ನು ಬೈಯುತ್ತಾನೆ, ಪಕ್ಕದವನನ್ನು ಮಾತಾಡಿಸುತ್ತಾನೆ. "ಹಂದಿ ಹೆದರೂದು ಬರೇ ಕೂಗಿಗೆ ಅಲ್ರಿ. ಕೂಗಿದಂವ ಅಲ್ಲೇ ಅದಾನ ಅನ್ನೂದು ಅದಕ್ಕ ಗೊತ್ತಾಗಬೇಕು" ಎಂದು ಅವರಿಗೆ ಅನ್ನಿಸಿತು.

ಆಗ ಯಂತ್ರವನ್ನು ಮಾಳಕ್ಕೇ ಒಯ್ದರು. ಬೆಳಗಿನ ಜಾವ, ಇಬ್ಬನಿ ಬೀಳುವ ಹೊತ್ತು, ಧ್ವನಿ ನೆಲ ಹಿಡಿದು ದೂರ ಹೋಗುತ್ತದೆ. ರೂಢಿಯಂತೆ ಬಾಲುಕಾಕಾನನ್ನು ಕೂಗಿದರು, ಕಾಕಾ ಓಗೊಟ್ಟರು. ಕೇಳಿ ನೋಡಿದರೆ ತಮ್ಮ ಕೂಗು ಗಟ್ಟಿಯಾಗಿದೆ, ಕಾಕಾನ ಉತ್ತರ ಗುಂಗಾಡು ಸೊಳ್ಳೆಯ ಹಾಗೆ ಸಣ್ಣಗೆ. ಯಂತ್ರ ಕಾಕಾನ ಹತ್ತಿರ ಇರಬೇಕು. ಹೇಳಿ ಇಟ್ಟರೆ? ಅದರ ಪಾಠವೂ ಡಾಕಪ್ಪನವರಿಗೆ ಅಷ್ಟರಲ್ಲಿ ಆಗಿತ್ತು. ತಾಂಡಾದಲ್ಲಿ ಯಾರ ಮುಂದೆ ಮೈಕು ಇಟ್ಟರೂ ಅವರು ಗಂಟಲು ಸರಿಮಾಡಿಕೊಂಡು ಸಾಲೆಯ ಹುಡುಗರು ಪದ್ಯ ಒಪ್ಪಿಸಿದ ಹಾಗೆ ಮಾತಾಡುತ್ತಿದ್ದರು. ಧ್ವನಿ ಅಲ್ಲಿಗೇ ಸತ್ತಿತು. ಹಾಗಾಗಿ ಹೇಳಲಿಲ್ಲ. ಮಾರನೆಯ ದಿನ ಕಾಕಾ ಮಾಳ ಹತ್ತಿದ ಮೇಲೆ, ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಗುಂಡಿ ಒತ್ತಿ, ಆ ಮಾಳದ ಕಂಬದ ಬುಡದಲ್ಲಿ ಬಚ್ಚಿಟ್ಟು ತಮ್ಮ ಮಾಳಕ್ಕೆ ಓಡಿ ಬಂದರು.

ಕೂಗಿದರು. "ಬಾಲುಕಾಕಾ... ಎಚ್ಚರ ಅದೀಯೇನು?" ಕಾಕಾ ಓಗೊಟ್ಟರು. ಓಗೊಟ್ಟು ಸುಮ್ಮನಾಗಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಹೆಂಡತಿ ತುಳಜಾ ಜ್ವರ ಬಂದು ತೀರಿಕೊಂಡಿದ್ದರು. ಆ ಉತ್ತರದ ಬಾಲಕ್ಕೆ ಕಾಕಾ ತುಳಜಾಳ ಹೆಸರು ಹಿಡಿದು ಒಂದು ಮಾತು ಸೇರಿಸಿದರು. ಗಂಡಸೊಬ್ಬ ಹಗಲಲ್ಲಿ ಯಾರ ಮುಂದೆಯೂ ಆಡದ, ಮುಖ ಕಾಣದ ಹೊತ್ತಿನಲ್ಲಿ ತನ್ನವನೊಬ್ಬನಿಗೆ ಮಾತ್ರ ಹೇಳಿಕೊಳ್ಳುವಂಥ ಮಾತು. ಅದೇನೆಂದು ಇಲ್ಲಿ ಅಚ್ಚಾಗುವುದಿಲ್ಲ. ಮಾತಿಗೆ ಕೂರುವ ಮೊದಲೇ ಡಾಕಪ್ಪ ಹಾಕಿದ ಕರಾರು ಅದೊಂದೇ: "ಕಾಕಾನ ಮಾತು ಬರೀಬ್ಯಾಡ್ರಿ. ನನ್ನ ತಪ್ಪು ಎಷ್ಟ ಬೇಕಾದ್ರೂ ಬರೀರಿ."

ಕ್ಯಾಸೆಟ್ ಕೇಳಿದಾಗ ಆ ಮಾತು ಡಾಕಪ್ಪನವರಿಗೂ ಚುಚ್ಚಿತು. ಕತ್ತರಿಸೋಣವೇ ಎಂದುಕೊಂಡರು. ಆದರೆ ಅಷ್ಟು ಜೀವಂತವಾದ ಧ್ವನಿ ಅವರ ಯಂತ್ರಕ್ಕೆ ಅದುವರೆಗೆ ಸಿಕ್ಕಿರಲಿಲ್ಲ. "ಆಶಾ ಬಂತ್ರಿ. ಇಷ್ಟು ಚಂದ ತುಂಬೇನಲ್ಲ ಅಂತ ಹಿಗ್ಗು ಬಂತು. ಅದ ನನ್ನ ತಿಂತು" ಎನ್ನುತ್ತಾರೆ. ಶಿವಲಿಂಗಪ್ಪ ಕೇಳಿ ಕುಣಿದಾಡಿದರು. ಎರಡು ಡೆಕ್ಕಿನ ಯಂತ್ರದಲ್ಲಿ ಹಾಕಿ, ಡಾಕಪ್ಪನ ಕೂಗನ್ನು ಒಂದು ತಂತಿಗೆ, ಬಾಲುಕಾಕಾನ ಉತ್ತರವನ್ನು ಇನ್ನೊಂದು ತಂತಿಗೆ ಹೊಂದಿಸಿದರು. ಗದ್ದೆಯ ಆ ತುದಿಗೊಂದು ಹಾರ್ನು, ಈ ತುದಿಗೊಂದು ಹಾರ್ನು. ಇಬ್ಬರು ಕಾವಲಿನವರು ನಿಜವಾಗಿ ಮಾತಾಡಿಕೊಂಡ ಹಾಗೇ ಕೇಳುತ್ತಿತ್ತು. ಹಂದಿಗಳು ಆ ಸುಗ್ಗಿ ಪೂರ್ತಿ ಕಾಡು ಬಿಟ್ಟು ಬರಲಿಲ್ಲ.

ಮುಂದಿನ ವರ್ಷ ಕ್ಯಾಸೆಟ್ ಹಳಿಯಾಳದ ಊರೂರಿಗೆ ಹೋಯಿತು, ಅದರ ಮುಂದಿನ ವರ್ಷ ಮುಂಡಗೋಡದ ಗೋವಿನಜೋಳದ ಹೊಲಕ್ಕೂ ಹೋಯಿತು. ಮೂಲ ಕ್ಯಾಸೆಟ್ಟು ಡಾಕಪ್ಪನವರ ಬಳಿಯೇ ಉಳಿಯಿತು, ವ್ಯಾಪಾರವೆಲ್ಲ ಅದರ ನಕಲಿನದು. ಪಾಲಿನ ಮಾತನ್ನು ಶಿವಲಿಂಗಪ್ಪ ಮತ್ತೆ ಎತ್ತಲಿಲ್ಲ, ಡಾಕಪ್ಪ ಎತ್ತಿದಾಗ ಯಂತ್ರದ ಸಾಲ ತೋರಿಸಿದರು. ಬದಲಿಗೆ ಊರೂರು ತಿರುಗಿ ಟೇಪಿನ ತಲೆ, ಅಂದರೆ ಹೆಡ್ಡು, ಒರೆಸುವ, ಬ್ಯಾಟರಿ ಬದಲಿಸುವ ಕೆಲಸ ಕೊಡಿಸಿದರು. ಮೊದಮೊದಲು ಡಾಕಪ್ಪನವರಿಗೆ ಅದೂ ದೊಡ್ಡದೇ. ಮಾಳದ ಚಳಿ ತಪ್ಪಿತು, ಕಾಕಾನಿಗೂ ತಪ್ಪುತ್ತದೆ ಎಂದುಕೊಂಡಿದ್ದರು. ಚಳಿಯ ಜೊತೆ ಅನ್ನವೂ ತಪ್ಪುತ್ತದೆ ಎಂದು ಹೊಳೆಯಲಿಲ್ಲ. ಎಚ್ಚರವಾಗಿ ಕೂಗುವ ಪೆಟ್ಟಿಗೆ ಇರುವಾಗ ನಿದ್ದೆಗಣ್ಣಿನ ಮನುಷ್ಯನಿಗೆ ಯಾರು ಕಾಳು ಅಳೆಯುತ್ತಾರೆ? ತಾಂಡಾದ ಗಂಡಸರು ಒಬ್ಬೊಬ್ಬರೇ ಮಾಳ ಇಳಿದರು. ಡಾಕಪ್ಪ ಎದುರು ಬಂದರೆ ದಾರಿ ಬದಲಿಸಿದರು.

ಬಾಲುಕಾಕಾನಿಗೆ ಆದದ್ದು ಅದಕ್ಕಿಂತ ಘೋರ. ತಾವು ಹೋಗಿಯೇ ಇರದ ಹೊಲಗಳಲ್ಲಿ ತಮ್ಮ ಧ್ವನಿ ಓಗೊಡುವುದನ್ನು ಅವರು ಕೇಳಿದರು. ತುಳಜಾಳ ಹೆಸರು ಹಂದಿ ಓಡಿಸುವುದನ್ನು ಕೇಳಿದರು. ಆ ಮಾತು ಪೋರರ ಬಾಯಿಗೆ ಬಿತ್ತು. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನು "ಬಾಲುಕಾಕಾ" ಎಂದು ಕೂಗುವುದು, ಇನ್ನೊಬ್ಬನು ಅವರ ಧ್ವನಿಯಲ್ಲೇ ಆ ಮಾತು ಹೇಳುವುದು, ಚಹಾದಂಗಡಿ ಮಂದಿಯೆಲ್ಲ ಹೋ ಎಂದು ನಗುವುದು. ಒಂದು ಸಂಜೆ ಕಾಕಾ ಡಾಕಪ್ಪನವರ ಅಂಗಳಕ್ಕೆ ಬಂದು ನಿಂತರು. ಬೈಯಲಿಲ್ಲ. "ಕೇಳಿದ್ರ ನಾ ಕೊಡತಿದ್ದೆನೋ ಡಾಕು, ಬ್ಯಾರೆ ಏನರ ಒದರಿ ಕೊಡತಿದ್ದೆ" ಎಂದಷ್ಟೇ ಹೇಳಿ ಹೋದರು. ಆ ವಾರವೇ ಗೋವಾದ ಬಸ್ಸು ಹತ್ತಿದರು. ಅಲ್ಲಿ ಕಟ್ಟಡಕ್ಕೆ ಕಲ್ಲು ಹೊರುವ ಕೆಲಸ. ದೀಪಾವಳಿಯ ದವಳಿ ಹಬ್ಬಕ್ಕೂ ತಾಂಡಾಕ್ಕೆ ಬಂದದ್ದಿಲ್ಲ.

ಎರಡು ವರ್ಷ ಡಾಕಪ್ಪ ಹೇಗೋ ತಡೆದುಕೊಂಡರು. ಆಮೇಲೆ ಒಂದು ದಿನ, ಕಂಬದ ಬುಡದಲ್ಲಿ ತುಂಬಿದ ಆ ಮೂಲ ಕ್ಯಾಸೆಟ್ಟನ್ನು ಅಂಗಿಯೊಳಗೆ ಇಟ್ಟುಕೊಂಡು ತಾವೂ ಗೋವಾಕ್ಕೆ ಹೋದರು. ಹುಡುಕಿ ಹುಡುಕಿ, ಅರ್ಧ ಎದ್ದ ಕಟ್ಟಡವೊಂದರ ನೆರಳಲ್ಲಿ ಊಟಕ್ಕೆ ಕೂತಿದ್ದ ಕಾಕಾನ ಮುಂದೆ ಅದನ್ನಿಟ್ಟು, "ನಿಂದು ನಿನಗ ತಂದೇನಿ ಕಾಕಾ" ಎಂದರು. ಕಾಕಾ ಮುಟ್ಟಲಿಲ್ಲ.

"ಇದರ ಮರಿ ಎಷ್ಟು ಹೊಲದಾಗ ಅದಾವು? ಅವನ್ನೂ ತಂದಿಯೇನು?"

ಡಾಕಪ್ಪ ಕ್ಯಾಸೆಟ್ಟನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡರು.

"ಇದೊಂದ ಉಳಿದಾಗ ಬಾ. ಅವತ್ತ ಇಸಗೋತೇನಿ. ಅಲ್ಲೀತನಕಾ ಬರಬ್ಯಾಡ" ಎಂದರು ಕಾಕಾ.

ಅವತ್ತಿನಿಂದ ಡಾಕಪ್ಪನವರ ಕೆಲಸದ ದಿಕ್ಕೇ ಬದಲಾಯಿತು. ಊರೂರು ತಿರುಗಿ ಟೇಪಿನ ತಲೆ ಒರೆಸಲು ಹೋದಾಗಲೆಲ್ಲ, ಒಡೆಯರನ್ನು ಕೇಳಿ, ಕಾಡಿ ಬೇಡಿ, ಒಂದೊಂದೇ ಕ್ಯಾಸೆಟ್ಟಿನಿಂದ ಕಾಕಾನ ಉತ್ತರ ಅಳಿಸತೊಡಗಿದರು. ಕೇಳದೆ ಒಂದನ್ನೂ ಮುಟ್ಟಲಿಲ್ಲ. "ಒಮ್ಮೆ ಕೇಳದ ತೊಗೊಂಡಿದ್ದಕ್ಕ ಇಷ್ಟ ಆಗೇತಿ" ಎನ್ನುತ್ತಾರೆ. ಅಳಿಸುವುದೂ ಸಸಾರದ ಕೆಲಸವಾಗಿರಲಿಲ್ಲ. ಮೈಕು ತೆಗೆದು ಬರೀ ಟೇಪು ಓಡಿಸಿದರೆ ಆ ಜಾಗದಲ್ಲಿ ಧ್ವನಿ ಹಳ್ಳಕ್ಕೆ ಬಿದ್ದ ಹಾಗೆ ಕೇಳುತ್ತಿತ್ತು, ಒಡೆಯರು ಟೇಪು ಕೆಡಿಸಿದಿ ಎಂದು ಜಗಳಕ್ಕೆ ಬರುತ್ತಿದ್ದರು. ಆದ್ದರಿಂದ ಬೆಳಗಿನ ಜಾವ ಅದೇ ಗದ್ದೆಗೆ ಹೋಗಿ, ತಾವು ಉಸಿರು ಬಿಗಿಹಿಡಿದು ಕೂತು, ಆ ಹೊತ್ತಿನ ಸುಮ್ಮನಿರುವಿಕೆಯನ್ನು ಉತ್ತರದ ಜಾಗಕ್ಕೆ ತುಂಬುತ್ತಿದ್ದರು. "ಸುಮ್ಮನಿರೂದಕ್ಕೂ ಒಂದು ಧ್ವನಿ ಐತ್ರಿ. ಒಂದೊಂದು ಗದ್ದಿಗೆ ಒಂದೊಂದು ಥರಾ."

ಹಾಗೆ ಅಳಿಸಿದ ಕ್ಯಾಸೆಟ್ಟುಗಳಲ್ಲಿ ಡಾಕಪ್ಪನ ಕೂಗು ಉಳಿಯಿತು, ಉತ್ತರ ಹೋಯಿತು. ಹಂದಿಗಳೂ ವಾಪಸು ಬಂದವು. ಓಗೊಡುವವರಿಲ್ಲದ ಕೂಗಿಗೆ ಅವೂ ಸೊಪ್ಪು ಹಾಕಲಿಲ್ಲ. ಒಡೆಯರು ಸಿಟ್ಟಾದರು, ಶಿವಲಿಂಗಪ್ಪ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದರು, ಟೇಪು ಒರೆಸುವ ಕೆಲಸವೂ ಹೋಯಿತು. ಗಂಗಿಬಾಯಿಗೆ ಈ ಕತೆಯ ಎರಡು ತುದಿಗಳ ಮೇಲೂ ಸಿಟ್ಟಿದೆ. "ತುಂಬಿದಾಗೂ ನಮ್ಮನ್ನ ಕೇಳಲಿಲ್ಲ, ಅಳಸಿದಾಗೂ ಕೇಳಲಿಲ್ಲ. ತುಂಬಿ ತಾಂಡಾದವರ ಅನ್ನಾ ಕಳದ್ರು, ಅಳಸಿ ನಮ್ಮ ಅನ್ನಾ ಕಳದ್ರು" ಎಂದವರೇ, "ಆದ್ರ ಅಳಸಿದ್ದು ಚಲೋ ಮಾಡಿದ್ರು ಬಿಡ್ರಿ. ತುಳಜಾ ನನ್ನ ಗೆಳತಿ" ಎನ್ನುತ್ತಾರೆ.

ವರ್ಷಗಳು ಹಿಡಿದವು. ಕೆಲವು ಕ್ಯಾಸೆಟ್ಟು ಬಿಸಿಲಿಗೆ ಸೊಟ್ಟಗಾಗಿ, ಕೆಲವು ಮಳೆಗೆ ಬೂಸಲು ಹಿಡಿದು ತಾವಾಗಿಯೇ ಸತ್ತವು. ಮುಂಡಗೋಡದ ಕಡೆಯವನ್ನು ನಡೆದೂ ಬಸ್ಸಿನಲ್ಲೂ ಹೋಗಿ ಮುಗಿಸಿದರು. ಕೊನೆಗೆ ಉಳಿದದ್ದು ಗುರುಬಸವ್ವನವರ ಗದ್ದೆಯದೊಂದೇ. ಅವರು ಸುತರಾಂ ಒಪ್ಪಲಿಲ್ಲ. "ಚಲೋ ನಡದೈತಿ, ನಾ ಯಾಕ ಕೊಡ್ಲಿ? ನಿನ್ನ ಕಾಕಾ ಬಂದು ನನ್ನ ಭತ್ತಾ ಕಾಯತಾನೇನು?" ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಡಾಕಪ್ಪ ಎರಡು ಸುಗ್ಗಿ ಕಾದರು.

ಈ ವರ್ಷ ಭತ್ತ ಹೊಡೆ ತುಂಬುವ ಹೊತ್ತಿಗೆ ಗುರುಬಸವ್ವ ತಾವೇ ಹೇಳಿ ಕಳಿಸಿದರು. ಡಾಕಪ್ಪ ಓಡುತ್ತ ಹೋದರು. ಗುರುಬಸವ್ವ ಕ್ಯಾಸೆಟ್ಟನ್ನು ಅವರ ಕೈಗಿಟ್ಟು, "ತೊಗೊ ಮಾರಾಯಾ, ಅಳಸು, ಸುಡು, ಏನರ ಮಾಡು. ನನಗ ಬ್ಯಾಡ ಇದು" ಎಂದರು. ಡಾಕಪ್ಪನವರಿಗೆ ಕಣ್ಣು ತುಂಬಿ ಬಂತು. ಮುಗಿಯಿತು, ಇನ್ನು ಗೋವಾಕ್ಕೆ ಹೋಗಬಹುದು ಎಂದುಕೊಂಡು ಅಂಗಳ ದಾಟುತ್ತಿದ್ದಾಗ ಹಿಂದಿನಿಂದ ತಮ್ಮದೇ ಕೂಗು ಕೇಳಿಸಿತು. ಅದರ ಬೆನ್ನಿಗೆ ಬಾಲುಕಾಕಾನ ಉತ್ತರ, ತುಳಜಾಳ ಹೆಸರು, ಆ ಮಾತು. ಟೇಪಿನ ಸರಸರ ಇಲ್ಲ, ಇಬ್ಬನಿಯ ಸದ್ದಿಲ್ಲ, ಕಾಕಾ ಎದುರಿಗೇ ನಿಂತು ಹೇಳಿದಷ್ಟು ನಿಚ್ಚಳ.

ಗುರುಬಸವ್ವ ಸಾಬೂನಿನ ಪೆಟ್ಟಿಗೆಯಷ್ಟೇ ಇರುವ ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಗುತ್ತಿದ್ದರು. ಹೊಸ ನಮೂನೆ, ಕ್ಯಾಸೆಟ್ ಬೇಡ, ಒಳಗೆ ಚಿಪ್ಪು ಇದೆಯಂತೆ. ಅಂಗಡಿಯಲ್ಲಿ ಒಂದು ನಕಲು ಉಳಿದಿತ್ತಂತೆ, ಆ ಹಳೇ ಧ್ವನಿಯನ್ನೇ ತೊಳೆದು ಸ್ವಚ್ಛ ಮಾಡಿ ತುಂಬಿದ್ದಾರಂತೆ, ಶಿವಲಿಂಗಪ್ಪ ಹುಬ್ಬಳ್ಳಿಯಲ್ಲಿ ಮಾಡಿಸಿ ತಂದದ್ದಂತೆ. ಡಾಕಪ್ಪ ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಚ್ಚುವ ಗುಂಡಿಯೊಂದು, ಧ್ವನಿ ಏರಿಸುವ ಗುಂಡಿಯೊಂದು. ಅಳಿಸುವ ಗುಂಡಿ ಎಲ್ಲಿಯೂ ಇರಲಿಲ್ಲ.

"ಇಷ್ಟು ವರ್ಷ ಕಲ್ತದ್ದು ಅವತ್ತ ಮುಗೀತ್ರಿ" ಎನ್ನುತ್ತಾರೆ ಡಾಕಪ್ಪ. "ಟೇಪ್ ಅಂದ್ರ ನನಗ ತಿಳೀತೈತಿ. ಅದಕ್ಕ ತುಂಬೂದೂ ಬರ್ತೈತಿ, ಬಿಡೂದೂ ಬರ್ತೈತಿ. ಇದು ಬಿಡಂಗಿಲ್ಲ."

ಒಡೆದು ಹಾಕಿ ಎಂದು ಗಂಗಿಬಾಯಿ ಹೇಳಿದರು. ಡಾಕಪ್ಪ ಒಪ್ಪಲಿಲ್ಲ. ಒಂದು ಒಡೆದರೆ ಇನ್ನೊಂದು ತರುತ್ತಾರೆ. ಮೇಲಾಗಿ ಅದು ಇನ್ನೊಬ್ಬರ ವಸ್ತು. ಅಳಿಸಲು ಬಾರದಿದ್ದರೆ ಮುಚ್ಚಲು ಬರುತ್ತದಲ್ಲ ಎಂದುಕೊಂಡು, ಮಾರನೆಯ ಬೆಳಗಿನ ಜಾವ ಕಂಬಳಿ ಹೊದ್ದು, ಎಣ್ಣೆ ಡಬ್ಬಿ ಹಿಡಿದು, ಇಳಿದು ಬಂದಿದ್ದ ಮಾಳವನ್ನೇ ಮತ್ತೆ ಹತ್ತಿದರು. ಗದ್ದೆಗೆ, ಪೇಟೆಗೆ ಜನ ಓಡಾಡಲು ಶುರುಮಾಡುವ, ಆ ಮಾತು ನಾಲ್ಕು ಕಿವಿಗೆ ಬೀಳುವ ಹೊತ್ತು ಅದು. ಕಾಕಾನ ಉತ್ತರ ಶುರುವಾದ ಕೂಡಲೇ ಒದರುತ್ತಾರೆ, ಮುಗಿಯುವವರೆಗೆ ಒದರುತ್ತಾರೆ. ಕಾಕಾ ಕಲಿಸಿದ ಹಾಗೆ, ಹೊಕ್ಕಳದಿಂದ. ಹೊಸ ಡಬ್ಬಿ ಇನ್ನೂ ನಾಲ್ಕಾರು ಊರಿಗೆ ಬಂದಿದೆ ಎಂದು ಅವರಿಗೆ ಗೊತ್ತು. ತಮ್ಮ ಬಾಯಿ ಒಂದೇ ಎಂದೂ ಗೊತ್ತು.

ಬಿಸಿಲೇರಿದೆ. ಗುರುಬಸವ್ವ ಬಂದು ಪೆಟ್ಟಿಗೆ ಬಂದ್ ಮಾಡುತ್ತಾರೆ. ಬದುವಿನ ಮೇಲೆ ನಿಂತ ಪಕ್ಕದ ಹೊಲದವರಿಗೆ ಅದನ್ನು ಎತ್ತಿ ತೋರಿಸಿ, "ನೋಡ್ರಿ, ಹೊಸ ಪೆಟ್ಟಿಗಿ ಬಂದಾಗಿಂದ ಒಂದ ಹಂದಿ ಸುಳದಿಲ್ಲ. ನೀವೂ ಒಂದ ತರಸ್ರಿ" ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುತ್ತಲೇ ಡಾಕಪ್ಪ ಎಣ್ಣೆ ಡಬ್ಬಿ ಎತ್ತಿಕೊಳ್ಳುತ್ತಾರೆ. ಮಾಳ ಇಳಿದು, ಲಾರಿ ಹೇರಲು ಹೊರಡುವ ಮುನ್ನ ಕಂಬಳಿ ಕೊಡವುತ್ತಾರೆ. ಧ್ವನಿ ಬಿದ್ದು ಹೋಗಿದೆ, ಮಾತು ಪಿಸುಗುಟ್ಟಿದ ಹಾಗೆ ಬರುತ್ತದೆ.

"ಕಾಕಾ ಒಂದಿಲ್ಲ ಒಂದಿನ ಈ ಹಾದೀಲೆ ಬರಬಹುದು. ಬಂದ್ರ, ಈ ಒಂದ ಗದ್ದ್ಯಾಗರ ಅವಂಗ ನನ್ನ ಒದರಾಟ ಅಷ್ಟ ಕೇಳಬೇಕ್ರಿ. ಬ್ಯಾರೆ ಏನೂ ಕೇಳಬಾರದು."